ರಾಮನ್, ರೋಹಿತಮಾಪಕ ಮತ್ತು ಒಂದು ಹಳೆಯ ಕಡತ

ಪ್ರತಿವರ್ಷ ಫೆಬ್ರುವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುವಾಗ ಸರ್ ಸಿ.ವಿ. ರಾಮನ್ ಅವರ ಬಗ್ಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ನೊಬೆಲ್ ಪ್ರಶಸ್ತಿ ತಂದುಕೊಟ್ಟ ಅವರ ಶೋಧಕ್ಕೆ ಬಳಕೆಯಾದ ಸಲಕರಣೆಗಳ ಬೆಲೆ ಕೆಲವೇ ನೂರು ರೂಪಾಯಿಗಳೆಂಬುದೇ ಆ ಮಾತು. ಶಾಲಾ ಮಕ್ಕಳ ಭಾಷಣಗಳಲ್ಲಿ, ಗಣ್ಯರ ಉದ್ಘಾಟನಾ ನುಡಿಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಅದು ಬೇರೂರಿಬಿಟ್ಟಿದೆ. ಈ ಮಾತು ಸುಳ್ಳಲ್ಲ. ಅದರಲ್ಲಿ ಹೆಮ್ಮೆಪಡುವುದಕ್ಕೆ ಕಾರಣವೂ ಇದೆ. ಆದರೆ ಅದು ಪೂರ್ಣ ಸತ್ಯವಲ್ಲ. ಸರ್ಕಾರದ ಹಣಕಾಸಿನ ಕಡತಗಳ ನಡುವೆ ಬಹುಕಾಲ ಕಳೆದ ನನಗೆ ಈ ಅರ್ಧಸತ್ಯದ ಬೆಲೆ ಎಷ್ಟೆಂಬುದು ಗೊತ್ತು. ಏಕೆಂದರೆ ಅದನ್ನು ಒಮ್ಮೆ ನಾನೇ ಬಳಸಿದ್ದೇನೆ.

ಅದು 1990ರ ದಶಕ. ತಾಲ್ಲೂಕು ಕೇಂದ್ರವೊಂದರ ಸಣ್ಣ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರ್ ಒಂದನ್ನು ಕೊಳ್ಳಲು ಅನುಮತಿ ಕೋರಿದ ಪ್ರಸ್ತಾವ ನನ್ನ ಮೇಜಿಗೆ ಬಂದಿತ್ತು. ಸ್ಪೆಕ್ಟ್ರೋಮೀಟರ್ ಎಂದರೆ ರೋಹಿತಮಾಪಕ. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ. ಯಾವುದೇ ವಸ್ತು ಯಾವ ಬೆಳಕನ್ನು ಹೀರುತ್ತದೆ, ಯಾವುದನ್ನು ಬಿಡುತ್ತದೆ ಎಂಬುದರಿಂದ ಅದರೊಳಗಿನ ಅಣುಗಳ ಗುರುತು ಸಿಗುತ್ತದೆ. ಸುತ್ತಲಿನ ಕಾಡುಗಿಡಗಳ ಸುಗಂಧ ತೈಲಗಳನ್ನು ಪರೀಕ್ಷಿಸುವ ಆಸೆ ಅಲ್ಲಿನ ಅಧ್ಯಾಪಕರದು. ಪದವಿ ಕಾಲೇಜಿಗೆ ಲಕ್ಷಗಟ್ಟಲೆ ಬೆಲೆಯ ಉಪಕರಣದ ಅಗತ್ಯ ಕಂಡುಬರುವುದಿಲ್ಲವೆಂದೂ, ಸಮೀಪದ ವಿಶ್ವವಿದ್ಯಾಲಯದ ಸೌಲಭ್ಯವನ್ನು ಬಳಸಿಕೊಳ್ಳಬಹುದೆಂದೂ ನಾನು ಟಿಪ್ಪಣಿ ಬರೆದೆ. ರಾಮನ್ ಅವರು ಕೆಲವು ನೂರು ರೂಪಾಯಿಗಳ ಸಲಕರಣೆಯಿಂದ ಮಹತ್ತನ್ನು ಸಾಧಿಸಿದರೆಂಬ ವಾಕ್ಯವನ್ನೂ ಕೊನೆಗೆ ಸೇರಿಸಿದೆ. ಕಡತ ಹಿಂದಿರುಗಿತು. ಆ ವಾಕ್ಯ ಬರೆದಾಗ ಒಳಗೊಳಗೇ ಸಂತೋಷಪಟ್ಟಿದ್ದೆ. ನಿವೃತ್ತಿಯ ಬಿಡುವಿನಲ್ಲಿ ರಾಮನ್ ಅವರ ಜೀವನವನ್ನು ಸಾವಧಾನವಾಗಿ ಓದಿದ ಮೇಲೆ ಆ ಸಂತೋಷ ಉಳಿಯಲಿಲ್ಲ.

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲಿನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಅಧ್ಯಾಪಕರು. ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದರು. ಮನೆಯಲ್ಲಿ ಐಶ್ವರ್ಯವಿರಲಿಲ್ಲ, ಪುಸ್ತಕಗಳಿದ್ದವು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ, ಹದಿನಾರು ತುಂಬುವ ಮೊದಲೇ, ಮೊದಲ ಸ್ಥಾನದೊಂದಿಗೆ ಬಿ.ಎ. ಮುಗಿಸಿದ ರಾಮನ್, 1907ರಲ್ಲಿ ಎಂ.ಎ. ಪಡೆದರು. ಅವರ ವೈಜ್ಞಾನಿಕ ಜೀವನ ಶುರುವಾದದ್ದು ಕಲ್ಕತ್ತೆಯಲ್ಲಲ್ಲ, ಈ ಕಾಲೇಜಿನಲ್ಲಿ. ಅದೂ ಒಂದು ಸ್ಪೆಕ್ಟ್ರೋಮೀಟರಿನ ಮುಂದೆ ಎಂಬುದು ನನಗೆ ತಿಳಿದಿರಲಿಲ್ಲ.

ಪಟ್ಟಕದ ಕೋನವನ್ನು ಸ್ಪೆಕ್ಟ್ರೋಮೀಟರಿನಿಂದ ಅಳೆಯುವುದು ಇಂದಿಗೂ ಪದವಿ ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ಪ್ರಯೋಗ. ಉತ್ತರ ಬಂದೊಡನೆ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡು ಹೊರಡುತ್ತಾರೆ. ರಾಮನ್ ಮಾತ್ರ ಬೆಳಕು ಪಟ್ಟಕದ ಮುಖದ ಮೇಲೆ ತೀರ ಓರೆಯಾಗಿ ಬಿದ್ದಾಗ ಕಾಣುವ ಪಟ್ಟೆಗಳು ಎರಡೂ ಬದಿಯಲ್ಲಿ ಸಮನಾಗಿಲ್ಲವೆಂಬುದನ್ನು ಗಮನಿಸಿದರು. ಏಕೆ ಹೀಗೆ ಎಂದು ಬೆನ್ನುಹತ್ತಿದರು. ಅವರ ಪ್ರಾಧ್ಯಾಪಕರಾಗಿದ್ದ ಜೋನ್ಸ್ ಅವರು ಈ ಹುಡುಗನನ್ನು ತರಗತಿಯ ಹಾಜರಿಗೆ ಕಟ್ಟಿಹಾಕದೆ ಪ್ರಯೋಗಾಲಯದಲ್ಲಿ ಮನಬಂದಂತೆ ಕೆಲಸ ಮಾಡಲು ಬಿಟ್ಟಿದ್ದರು. ಫಲವಾಗಿ ಹದಿನೆಂಟರ ವಿದ್ಯಾರ್ಥಿಯ ಮೊದಲ ಪ್ರಬಂಧ 1906ರ ನವೆಂಬರಿನಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಪ್ರಕಟವಾಯಿತು. ಅದು ಸಂಶೋಧನೆಗೆ ಹೆಸರಾದ ಕಾಲೇಜಾಗಿರಲಿಲ್ಲ. ಅಲ್ಲಿ ಒಂದು ಉಪಕರಣವಿತ್ತು, ಅದನ್ನು ಮುಟ್ಟಲು ಅನುಮತಿಯಿತ್ತು, ಪಠ್ಯಕ್ರಮದಾಚೆಗೆ ನೋಡಲು ಸಮಯವಿತ್ತು.

ಇಂಗ್ಲೆಂಡಿಗೆ ಹೋಗಿ ಓದು ಮುಂದುವರಿಸುವ ದಾರಿಯನ್ನು ಮದ್ರಾಸಿನ ಸಿವಿಲ್ ಸರ್ಜನ್ ಮುಚ್ಚಿದರು. ಅಲ್ಲಿನ ಹವೆಯನ್ನು ಈ ಕೃಶದೇಹ ತಾಳದೆಂದು ಅವರ ಅಭಿಪ್ರಾಯ. ಆ ಕಾಲದ ಭಾರತದಲ್ಲಿ ವಿಜ್ಞಾನವನ್ನೇ ನೆಚ್ಚಿ ಬದುಕುವಂತಿರಲಿಲ್ಲ. ರಾಮನ್ ಹಣಕಾಸು ಸೇವೆಯ ಪರೀಕ್ಷೆಗೆ ಕುಳಿತು ಮೊದಲಿಗರಾಗಿ ತೇರ್ಗಡೆಯಾದರು. ಲೋಕಸುಂದರಿ ಅವರನ್ನು ವಿವಾಹವಾಗಿ, 1907ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಗೆ ಸೇರಿದರು. ಹತ್ತು ವರ್ಷ ಅವರು ನಮ್ಮವರೇ ಆಗಿದ್ದರು ಎಂದುಕೊಳ್ಳುವಾಗ ನನ್ನಂಥ ನಿವೃತ್ತ ನೌಕರನಿಗೆ ಸಣ್ಣದೊಂದು ಹಿಗ್ಗು. ಅವರೂ ಲೆಕ್ಕಶೀರ್ಷಿಕೆಗಳನ್ನು ತಾಳೆ ನೋಡಿದರು, ವರ್ಗಾವಣೆಯ ಆದೇಶಕ್ಕೆ ತಲೆಬಾಗಿ 1909ರಲ್ಲಿ ರಂಗೂನಿಗೂ ಮರುವರ್ಷ ನಾಗಪುರಕ್ಕೂ ಹೋಗಿ ಬಂದರು.

ಕಲ್ಕತ್ತೆಗೆ ಬಂದ ಹೊಸದರಲ್ಲಿ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಮೇಲಿದ್ದ ಫಲಕವೊಂದು ಅವರ ಕಣ್ಣಿಗೆ ಬಿತ್ತು. ಅದು ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು ಭಾರತೀಯರೇ ನಡೆಸುವ ವಿಜ್ಞಾನ ಸಂಸ್ಥೆಯೊಂದು ಬೇಕೆಂದು ಊರವರಿಂದ, ಜಮೀನ್ದಾರರಿಂದ ಹಣ ಕೂಡಿಸಿ 1876ರಲ್ಲಿ ಕಟ್ಟಿದ ಸಂಸ್ಥೆ. ಉಪನ್ಯಾಸಗಳು ನಡೆದವು, ಆದರೆ ಅವರು ಕನಸು ಕಂಡ ಸಂಶೋಧನೆ ನಡೆಯಲಿಲ್ಲ. ಆ ಕೊರಗಿನಲ್ಲೇ ಅವರು 1904ರಲ್ಲಿ ತೀರಿಕೊಂಡರು. ಮೂರು ವರ್ಷಗಳ ಬಳಿಕ ರಾಮನ್ ಬಾಗಿಲು ತಟ್ಟಿದಾಗ ಒಳಗೆ ಉಪಕರಣಗಳಿದ್ದವು, ಬಳಸುವವರಿರಲಿಲ್ಲ. ಮಹೇಂದ್ರಲಾಲರ ಮಗ, ಕಾರ್ಯದರ್ಶಿ ಅಮೃತಲಾಲ್ ಸರ್ಕಾರ್, ಈ ತರುಣ ಅಧಿಕಾರಿಗೆ ಇಡೀ ಪ್ರಯೋಗಾಲಯವನ್ನು ಬಿಟ್ಟುಕೊಟ್ಟರು.

ಅನಂತರದ ದಿನಚರಿ ಪ್ರಸಿದ್ಧವಾದುದು. ಬೆಳಗಿನ ಜಾವ ಪ್ರಯೋಗಾಲಯ, ಹತ್ತರ ಹೊತ್ತಿಗೆ ಕಚೇರಿ, ಸಂಜೆ ಐದರ ಮೇಲೆ ಮತ್ತೆ ಪ್ರಯೋಗಾಲಯ, ರಾತ್ರಿ ಮನೆ. ಮುಂದೆ ಅವರು ಸಂಸ್ಥೆಯ ಪಕ್ಕದ ಮನೆಗೇ ಬಂದು ನಡುವೆ ಒಂದು ಬಾಗಿಲು ಮಾಡಿಸಿಕೊಂಡರು. ಆಶುತೋಷ್ ದೇ ಎಂಬ ಸಹಾಯಕರು ಜೊತೆಗೆ ನಿಂತರು. ಕಾಲೇಜಿನ ಮೆಟ್ಟಿಲು ಹತ್ತದ ಈ ಆಶುಬಾಬು ರಾಮನ್ ಗರಡಿಯಲ್ಲಿ ಎಷ್ಟು ನುರಿತರೆಂದರೆ, ಲಂಡನ್ನಿನ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಅವರ ಹೆಸರಿನ ಪ್ರಬಂಧವೂ ಪ್ರಕಟವಾಯಿತು. ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ನಾದದ ಬಗ್ಗೆ ರಾಮನ್ ನಡೆಸಿದ ಅಧ್ಯಯನಗಳು ಈ ಕಾಲದಲ್ಲಿ ಆರಂಭವಾದವು.

ಇವರನ್ನು ಗುರುತಿಸಿದವರು ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿ ಸರ್ ಆಶುತೋಷ್ ಮುಖರ್ಜಿ. ವಕೀಲ ತಾರಕನಾಥ ಪಾಲಿತರು ದತ್ತಿಯಿತ್ತ ಭೌತಶಾಸ್ತ್ರ ಪೀಠಕ್ಕೆ ರಾಮನ್ ಅವರನ್ನು ಕರೆದರು. ವಿದೇಶದಲ್ಲಿ ತರಬೇತಿ ಪಡೆದು ಬರಬೇಕೆಂಬ ಷರತ್ತನ್ನು ರಾಮನ್ ಒಪ್ಪಲಿಲ್ಲ, ಷರತ್ತೇ ಸಡಿಲವಾಯಿತು. ಸರ್ಕಾರಿ ಸಂಬಳದ ಸುಮಾರು ಅರ್ಧಕ್ಕೆ ಒಪ್ಪಿ, ಅಧಿಕಾರವನ್ನೂ ಪಿಂಚಣಿಯನ್ನೂ ತೊರೆದು, 1917ರಲ್ಲಿ ಅವರು ಪ್ರಾಧ್ಯಾಪಕರಾದರು. ಅಮೃತಲಾಲರ ನಿಧನಾನಂತರ 1919ರಲ್ಲಿ ಅಸೋಸಿಯೇಷನ್ನಿನ ಗೌರವ ಕಾರ್ಯದರ್ಶಿಯೂ ಆದರು. ಬೌಬಜಾರಿನ ಕಟ್ಟಡಕ್ಕೆ ದೇಶದ ನಾನಾ ಕಡೆಗಳಿಂದ, ಅದರಲ್ಲೂ ದಕ್ಷಿಣದಿಂದ, ತರುಣರು ಬರತೊಡಗಿದರು.

1921ರಲ್ಲಿ ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯಗಳ ಸಮ್ಮೇಳನ ಮುಗಿಸಿ ನರ್ಕುಂಡ ಎಂಬ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂದು ಲಾರ್ಡ್ ರ‍್ಯಾಲೆಯಂಥ ಘಟಾನುಘಟಿಯೇ ಹೇಳಿದ್ದರು. ರಾಮನ್ ಜೇಬಿನಲ್ಲಿ ನಿಕೋಲ್ ಪಟ್ಟಕವೊಂದಿತ್ತು. ಅದನ್ನು ತಿರುಗಿಸಿ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಆಕಾಶದ ಬೆಳಕನ್ನು ಅಳಿಸಿ ನೋಡಿದರು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂಬ ತೀರ್ಮಾನವನ್ನು ನೇಚರ್ ಪತ್ರಿಕೆಗೆ ಬರೆದು ಕಳುಹಿಸಿದರು. ಅಲ್ಲಿಂದ ಏಳು ವರ್ಷ ಬೆಳಕಿನ ಚದುರುವಿಕೆಯೇ ಅವರ ಧ್ಯಾನವಾಯಿತು.

ಏಳು ವರ್ಷ ಎಂಬುದನ್ನು ನಾವು ಮರೆಯುತ್ತೇವೆ. 1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ನೀರಿನಿಂದ ಚದುರಿದ ಬೆಳಕಿನಲ್ಲಿ ಬೇರೆ ಬಣ್ಣದ ಕ್ಷೀಣ ಛಾಯೆಯೊಂದನ್ನು ಕಂಡರು. ನೀರಿನ ಕಲ್ಮಷದಿಂದ ಹುಟ್ಟಿದ ಬೆಳಕಿರಬಹುದೆಂದು ನೀರನ್ನು ಮತ್ತೆ ಮತ್ತೆ ಶುದ್ಧೀಕರಿಸಿದರು, ಛಾಯೆ ಹೋಗಲಿಲ್ಲ. ಕೆ.ಎಸ್. ಕೃಷ್ಣನ್ ಅದನ್ನೇ ಹಲವು ದ್ರವಗಳಲ್ಲಿ ಕಂಡರು. ಸರ್ಕಾರಿ ಪರೀಕ್ಷಾಲಯದಲ್ಲಿ ರಸಾಯನತಜ್ಞರಾಗಿದ್ದು, ಬಿಡುವಿನ ವೇಳೆಯಲ್ಲಿ ಇಲ್ಲಿ ದುಡಿಯುತ್ತಿದ್ದ ಎಸ್. ವೆಂಕಟೇಶ್ವರನ್ ಗ್ಲಿಸರಿನ್‌ನಲ್ಲಿ ಅದು ಇನ್ನೂ ಸ್ಪಷ್ಟವೆಂದು 1927ರ ಕೊನೆಗೆ ತೋರಿಸಿದರು. 1928ರ ಜನವರಿಯಲ್ಲಿ ಕೃಷ್ಣನ್ ಮತ್ತೆ ಪ್ರಯೋಗಕ್ಕೆ ಇಳಿದರು. ಏಳು ಅಂಗುಲದ ದೂರದರ್ಶಕದ ಮಸೂರದಿಂದ ಬಿಸಿಲನ್ನು ಕೂಡಿಸಿ, ಬಣ್ಣದ ಗಾಜಿನಿಂದ ಸೋಸಿ, ದ್ರವದೊಳಗೆ ಹಾಯಿಸುವುದು. ಹೊರಬರುವ ಬೆಳಕನ್ನು ಮತ್ತೊಂದು ಬಣ್ಣದ ಗಾಜಿನಿಂದ ನೋಡುವುದು. ಎರಡು ಗಾಜುಗಳೂ ಪರಸ್ಪರ ವಿರುದ್ಧವಾದುದರಿಂದ ಏನೂ ಕಾಣಬಾರದು. ಆದರೂ ಕಾಣುತ್ತಿತ್ತು.

ಅಷ್ಟರಿಂದ ಶೋಧ ಪೂರ್ಣವಾಗಲಿಲ್ಲ. ಬಣ್ಣದ ಗಾಜು ಬೆಳಕು ಬದಲಾಯಿತೆಂದು ಹೇಳಬಲ್ಲದು. ಎಷ್ಟು ಬದಲಾಯಿತೆಂದು ಹೇಳಲಾರದು. ಫೆಬ್ರುವರಿ ಕೊನೆಯಲ್ಲಿ ರಾಮನ್ ಕೈಗೆತ್ತಿಕೊಂಡದ್ದು ಒಂದು ಪುಟ್ಟ ರೋಹಿತದರ್ಶಕವನ್ನು. ಬಿಸಿಲಿನ ಬದಲು ಪಾದರಸದ ದೀಪವನ್ನು ಹಚ್ಚಿ ನೋಡಿದಾಗ, ಒಳಹೋದ ಬೆಳಕಿನ ರೇಖೆಯ ಪಕ್ಕದಲ್ಲಿ, ಕತ್ತಲೆಯ ಅಂತರ ಬಿಟ್ಟು, ಹೊಸ ರೇಖೆಗಳು ಕಂಡವು. 28ರಂದು ಸಂಶಯಕ್ಕೆ ಎಡೆಯುಳಿಯಲಿಲ್ಲ. ಮರುದಿನವೇ ಸುದ್ದಿ ಪತ್ರಿಕೆಗಳಿಗೆ ಹೋಯಿತು. ಈ ಅವಸರಕ್ಕೆ ಅರ್ಥವಿತ್ತು. ಅದೇ ವಾರಗಳಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳು ಸ್ಫಟಿಕಶಿಲೆಯಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು, ಪ್ರಕಟಿಸುವುದರಲ್ಲಿ ಹಿಂದಾದರು. ರೋಹಿತದರ್ಶಕ ಬೇರೊಂದು ಊರಿನಲ್ಲಿದ್ದು, ಅದಕ್ಕಾಗಿ ಅರ್ಜಿ ಬರೆದು ಸರದಿ ಕಾಯಬೇಕಾಗಿದ್ದರೆ ಇಂದು ನಾವು ಆಚರಿಸುವ ದಿನ ನಮಗಿರುತ್ತಿರಲಿಲ್ಲ.

ಹೊಸ ರೇಖೆಗಳನ್ನು ಛಾಯಾಚಿತ್ರದ ಫಲಕದ ಮೇಲೆ ಹಿಡಿದು ಅಳೆದದ್ದು ಲಂಡನ್ನಿನ ಆಡಮ್ ಹಿಲ್ಗರ್ ಕಂಪನಿಯ ಸಣ್ಣ ಕ್ವಾರ್ಟ್ಸ್ ರೋಹಿತಲೇಖಿಯಿಂದ. ಬೆಳಕು ಎಷ್ಟು ಕ್ಷೀಣವೆಂದರೆ ಒಂದೊಂದು ಚಿತ್ರಕ್ಕೂ ಗಂಟೆಗಟ್ಟಲೆ, ಕೆಲವಕ್ಕೆ ದಿನಗಟ್ಟಲೆ, ಫಲಕವನ್ನು ತೆರೆದಿಟ್ಟು ಕಾಯಬೇಕಿತ್ತು. ಆ ಚಿತ್ರಗಳ ಸಹಿತ ರಾಮನ್ ಇಡೀ ಶೋಧವನ್ನು ವಿದ್ವತ್ಸಭೆಯ ಮುಂದೆ ವಿವರಿಸಿದ್ದು 1928ರ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ರೋಹಿತಲೇಖಿಗೆ ಹಣ ಬೇಕೆಂದು ಅವರು ಉದ್ಯಮಿ ಘನಶ್ಯಾಮದಾಸ್ ಬಿರ್ಲಾ ಅವರನ್ನು ಕೇಳಿಕೊಂಡರೆಂದೂ, ಅದು ದೊರೆತರೆ ನೊಬೆಲ್ ಪ್ರಶಸ್ತಿಯನ್ನು ಭಾರತಕ್ಕೆ ತರಬಲ್ಲೆನೆಂಬ ಭರವಸೆ ಕೊಟ್ಟರೆಂದೂ ಒಂದು ಪ್ರಸಂಗ ಪ್ರಚಲಿತವಾಗಿದೆ. ಸಲಕರಣೆ ಬೇಡವೆಂದ ಋಷಿಯ ಚಿತ್ರಕ್ಕೆ ಇದು ಹೊಂದುವುದಿಲ್ಲ. ತಮಗೆ ಯಾವುದು ಬೇಕೆಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ಅದನ್ನು ಕೇಳಲು ಸಂಕೋಚವಿರಲಿಲ್ಲ.

ಈ ಭೌತಶೋಧದ ದೊಡ್ಡ ಫಲಾನುಭವಿಗಳಾದವರು ರಸಾಯನಶಾಸ್ತ್ರಜ್ಞರು. ಚದುರಿದ ಬೆಳಕಿನ ಬಣ್ಣ ಎಷ್ಟು ಜರುಗುತ್ತದೆ ಎಂಬುದು ಆಯಾ ಅಣುವಿನ ಕಂಪನವನ್ನು ಅವಲಂಬಿಸಿದೆ. ಆದ್ದರಿಂದ ಬೆಂಜೀನಿನ ರೇಖೆಗಳು ಬೇರೆ, ಮದ್ಯಸಾರದವು ಬೇರೆ; ಬೆರಳಚ್ಚಿನಂತೆ. ವಸ್ತುವನ್ನು ಸುಡದೆ, ಕರಗಿಸದೆ, ಕೆಡಿಸದೆ ಅದರ ಅಣುರಚನೆ ತಿಳಿಯುವ ದಾರಿ ತೆರೆಯಿತು. 1930ರಲ್ಲಿ ನೊಬೆಲ್ ಬಂತು. ವಿಜ್ಞಾನದಲ್ಲಿ ಆ ಗೌರವ ಪಡೆದ ಮೊದಲ ಏಷ್ಯನ್ನರು ರಾಮನ್. 1960ರಲ್ಲಿ ಲೇಸರ್ ಬಂದ ಮೇಲೆ ರಾಮನ್ ರೋಹಿತಕ್ಕೆ ಹೊಸ ಜೀವ ಬಂತು. ಇಂದು ಔಷಧ, ರತ್ನ, ಸ್ಫೋಟಕಗಳನ್ನು ಗುರುತಿಸಲು ಕೈಯಲ್ಲಿ ಹಿಡಿಯುವಂಥ ರಾಮನ್ ಉಪಕರಣಗಳಿವೆ. ಅಮೆರಿಕನ್ ಕೆಮಿಕಲ್ ಸೊಸೈಟಿಯು 1998ರಲ್ಲಿ ಈ ಶೋಧವನ್ನು ಅಂತರರಾಷ್ಟ್ರೀಯ ರಾಸಾಯನಿಕ ಮೈಲಿಗಲ್ಲೆಂದು ಗೌರವಿಸಿತು.

ಈಗ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಆ ಕೆಲವು ನೂರು ರೂಪಾಯಿಯ ಲೆಕ್ಕವನ್ನು ಬಿಡಿಸಿ ನೋಡೋಣ. ಅದು ಕೊನೆಯ ಪ್ರಯೋಗದ ಮೇಜಿನ ಮೇಲಿದ್ದ ಸಾಮಾನಿನ ಲೆಕ್ಕ. ಐದು ದಶಕಗಳ ಹಿಂದೆ ಊರವರು ಕೊಟ್ಟ ದೇಣಿಗೆ ಅದರಲ್ಲಿಲ್ಲ. ಕಟ್ಟಡ, ದೂರದರ್ಶಕ, ಗ್ರಂಥಾಲಯ ಅದರಲ್ಲಿಲ್ಲ. ಪಾಲಿತರ ದತ್ತಿ ಇಲ್ಲ. ಆಶುಬಾಬುವಿನ ಕೈಕಸುಬಿಗೆ, ರಾಮನಾಥನ್, ಕೃಷ್ಣನ್, ವೆಂಕಟೇಶ್ವರನ್ ಅವರ ವರ್ಷಗಳಿಗೆ ಬೆಲೆ ಕಟ್ಟಿಲ್ಲ. ರಾಮನ್ ಬಿಟ್ಟುಕೊಟ್ಟ ಅರ್ಧ ಸಂಬಳವೂ ಜಮಾ ಆಗಿಲ್ಲ. ಇವನ್ನೆಲ್ಲ ಸೇರಿಸಿದರೆ ಶೋಧ ಅಗ್ಗದ್ದಾಗಿರಲಿಲ್ಲ. ಅದರ ಬೆಲೆಯನ್ನು ಬೇರೆಯವರು ಮೊದಲೇ ತೆತ್ತಿದ್ದರು, ಅಷ್ಟೆ.

ರಾಮನ್ ಸ್ವತಃ ಈ ಲೆಕ್ಕದ ಇನ್ನೊಂದು ಬದಿಯಲ್ಲಿ ಕುಳಿತದ್ದೂ ಉಂಟು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದು ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು, ಉಪಕರಣಗಳನ್ನು ಇಲ್ಲೇ ತಯಾರಿಸಲು ಕಾರ್ಯಾಗಾರ ಬೆಳೆಸಿದರು. ಆದರೆ ಹಣ ಸೀಮಿತ. ರಸಾಯನಶಾಸ್ತ್ರವೂ ಸೇರಿದಂತೆ ಇತರ ವಿಭಾಗಗಳ ಪಾಲು ಕಡಿಮೆಯಾಯಿತೆಂಬ ಅಸಮಾಧಾನ ಎದ್ದಿತು. ಅವರ ಮಾತಿನ ಖಾರವೂ ಸೇರಿ ವಿಚಾರಣಾ ಸಮಿತಿಯವರೆಗೆ ಹೋಯಿತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಉಳಿದರು. ಹಣ ಹಂಚುವ ಕುರ್ಚಿ ಎಂಥ ಮೇಧಾವಿಗೂ ಸುಲಭವಲ್ಲವೆಂದು ತಿಳಿದು ನನಗೆ ಸಮಾಧಾನವಾಯಿತೆಂದರೆ ತಪ್ಪಾಗಲಾರದು.

ಆಮೇಲೆ ಅವರು ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಅದಕ್ಕಾಗಿ ದೇಣಿಗೆ ಕೇಳುತ್ತ ಊರೂರು ತಿರುಗಿದರು. ವಿದ್ಯುತ್ ಸಂಪರ್ಕ ಬರುವ ಮುನ್ನವೇ ಕನ್ನಡಿಗಳಿಂದ ಬಿಸಿಲನ್ನು ಕೋಣೆಯೊಳಗೆ ತಿರುಗಿಸಿ ಪ್ರಯೋಗ ಆರಂಭಿಸಿದರು. 1954ರಲ್ಲಿ ಭಾರತರತ್ನ ಬಂತು. ಇಳಿವಯಸ್ಸಿನಲ್ಲಿ ಹೂವುಗಳ ಬಣ್ಣವನ್ನು ರೋಹಿತದರ್ಶಕದ ಮೂಲಕ ನೋಡುತ್ತ, ಶಾಲೆಯ ಮಕ್ಕಳಿಗೆ ವಜ್ರಗಳನ್ನು ತೋರಿಸುತ್ತ ಕಾಲ ಕಳೆದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅವರ ಇಚ್ಛೆಯಂತೆ ಆ ಸಂಸ್ಥೆಯ ಆವರಣದಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸ್ಮಾರಕವಾಗಿ ಇರುವುದು ಒಂದು ಮರ.

ನನ್ನ ಕಡತದ ವಿಷಯಕ್ಕೆ ಬರುತ್ತೇನೆ. ಆ ಅಧ್ಯಾಪಕರು ಒಂದೆರಡು ವರ್ಷ ತೈಲದ ಸೀಸೆಗಳನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿ, ಫಲಿತಾಂಶಕ್ಕಾಗಿ ತಿಂಗಳುಗಟ್ಟಲೆ ಕಾದು, ಕಡೆಗೆ ಆ ಕೆಲಸವನ್ನೇ ಕೈಬಿಟ್ಟರೆಂದು ಬಹಳ ತಡವಾಗಿ ಕೇಳಿದೆ. ನಾನು ನಿರಾಕರಿಸಿದ್ದು ಪೂರ್ತಿ ಅಕಾರಣವಾಗಿರಲಿಲ್ಲ. ಮಾರ್ಚ್ ಅಂತ್ಯದ ಅವಸರದಲ್ಲಿ ಕೊಂಡು, ನಿರ್ವಹಣೆಗೆ ಹಣವಿಲ್ಲದೆ, ನಡೆಸಬಲ್ಲ ಸಿಬ್ಬಂದಿಯಿಲ್ಲದೆ, ಹೊದಿಕೆ ಮುಚ್ಚಿಕೊಂಡು ಕುಳಿತ ಯಂತ್ರಗಳನ್ನು ನಾನು ಕಂಡಿದ್ದೆ. ಖಜಾನೆಯ ಹಣಕ್ಕೆ ಕಾವಲು ಬೇಕೇ ಬೇಕು. ಆದರೆ ನಾನು ಬೆಲೆಯನ್ನು ಮಾತ್ರ ನೋಡಿದೆ. ಇದನ್ನು ಯಾರು ಬಳಸುತ್ತಾರೆ, ಅವರಿಗೆ ಪಾಠದ ಹೊರೆಯಿಂದ ಎಷ್ಟು ಬಿಡುವಿದೆ, ಕೆಟ್ಟರೆ ಯಾರು ಸರಿಪಡಿಸುತ್ತಾರೆ, ವಿದ್ಯಾರ್ಥಿ ಸಂಜೆಯ ನಂತರವೂ ಒಳಗಿರಬಹುದೇ ಎಂದು ಕೇಳಲಿಲ್ಲ. ಬೌಬಜಾರಿನಲ್ಲಿ ಈ ನಾಲ್ಕೂ ಪ್ರಶ್ನೆಗಳಿಗೆ ಉತ್ತರವಿತ್ತು. ಆ ಸಣ್ಣ ಕಾಲೇಜಿನಲ್ಲೂ ಇತ್ತೋ ಏನೋ. ಕೇಳದಿದ್ದುದರಿಂದ ನನಗೆ ತಿಳಿಯಲಿಲ್ಲ.

ಇಂಥ ಪ್ರಸ್ತಾವಗಳು ಇಂದಿಗೂ ಕಚೇರಿಗಳ ಮೇಜಿಗೆ ಬರುತ್ತಿರುತ್ತವೆ. ಅವನ್ನು ಪರಿಶೀಲಿಸುವ ಕಿರಿಯ ಸಹೋದ್ಯೋಗಿಗಳು ಆ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಉತ್ತರ ತೃಪ್ತಿಕರವಾಗಿದ್ದರೆ ಯಂತ್ರದ ಜೊತೆಗೆ ಅದರ ನಿರ್ವಹಣೆಯ ವೆಚ್ಚವನ್ನೂ ಮಂಜೂರು ಮಾಡಲಿ. ರಾಮನ್ ಅವರ ಹೆಸರನ್ನು ಟಿಪ್ಪಣಿಯಲ್ಲಿ ತರಲೇಬೇಕೆನಿಸಿದರೆ, ಕೆಲವು ನೂರು ರೂಪಾಯಿಯ ಮಾತನ್ನು ಬಿಟ್ಟು, ಮದ್ರಾಸಿನ ಕಾಲೇಜೊಂದರಲ್ಲಿ ಹದಿನೆಂಟರ ಹುಡುಗನೊಬ್ಬನ ಕೈಗೆ ಸಿಕ್ಕಿದ ಸ್ಪೆಕ್ಟ್ರೋಮೀಟರನ್ನು ನೆನೆಯಲಿ.